ನಾಟಕದಾಕಿ ಮತ್ತು ನಾಟಕದ ಮಾಸ್ತರ

ನಮ್ಮ ಕಡೆಯ ಪ್ಯಾಟಿ ಹೆಣ್ಣುಮಕ್ಕಳಿಗೆ ಎರಡು ನಾಲಿಗೆ ಎಂದರೆ ಓದುವವರಿಗೆ ಸಿಟ್ಟು ಬರಬಹುದು. ಬರಲಿ. ಬಿ. ಜಯಶ್ರೀ ಅವರಿಗೆ 2013ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಟೀವಿಯಲ್ಲಿ ಅವರ ಹಾಡು ಕೇಳಿ ತಲೆದೂಗಿದೆವು. ಆದರೆ ನಮ್ಮ ಓಣಿಯಲ್ಲಿ ಒಂದು ಮನೆ ಖಾಲಿಯಿದ್ದು, ಹಳ್ಳಿ ನಾಟಕದ ನಟಿಯೊಬ್ಬಳು ಬಾಡಿಗೆ ಕೇಳಲು ಬಂದರೆ, "ನಾಟಕದಾಕಿ ಅಂತ್ರಿ, ಮಕ್ಕಳಿರೋ ಓಣಿ, ಬ್ಯಾಡ ಅಂದುಬಿಡ್ರಿ" ಎಂದು ಮೊದಲು ಹೇಳುವವರೂ ನಾವೇ. ಗಂಡಸರು ಆಮೇಲೆ ಹೇಳುತ್ತಾರೆ.

ಜಯಶ್ರೀ ಅವರೂ ನಾಟಕದಾಕಿಯೇ. ನಾಟಕದಾಕಿಯ ಮಗಳು ಕೂಡ. ಗುಬ್ಬಿ ವೀರಣ್ಣನವರ ಮೊಮ್ಮಗಳು ಎಂದು ಎಲ್ಲರೂ ಬರೆಯುತ್ತಾರೆ. ತಾಯಿ ಮಾಲತಮ್ಮನವರೂ ಬಣ್ಣ ಹಚ್ಚಿದವರು ಎಂಬುದನ್ನು ಅಷ್ಟು ಗಟ್ಟಿಯಾಗಿ ಯಾರೂ ಹೇಳುವುದಿಲ್ಲ. ಅಜ್ಜನ ಹೆಸರು ಕಿರೀಟವಾಯಿತು, ತಾಯಿಯ ಕಸುಬು ಸೆರಗಿನ ಮರೆಗೆ ಹೋಯಿತು.

ಈ ಭೇದ ಎಲ್ಲಿಂದ ಹುಟ್ಟುತ್ತದೆ ಎಂದು ನೋಡಬೇಕಾದರೆ ಬೆಂಗಳೂರಿಗೆ ಹೋಗಬೇಕಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಯಾವುದೇ ಹಳ್ಳಿಯ ಜಾತ್ರೆಗೆ ಹೋದರೆ ಸಾಕು. ಸುಗ್ಗಿ ಮುಗಿಯುತ್ತಿದ್ದಂತೆ ಊರ ಹುಡುಗರು ಗುಡಿಯ ಕಟ್ಟೆಯ ಮೇಲೋ ಸಾಲಿಯ ಕೋಣೆಯಲ್ಲೋ ತಾಲೀಮು ಹೂಡುತ್ತಾರೆ. ಪೇಟಿ ಮಾಸ್ತರ ಬರುತ್ತಾನೆ, ತಬಲಾದವ ಬರುತ್ತಾನೆ. ನಾಯಕನಿಗೆ, ಖಳನಾಯಕನಿಗೆ, ಹಾಸ್ಯಕ್ಕೆ ಹುಡುಗರು ಜಗಳಾಡಿ ಪಾತ್ರ ಹಿಡಿಯುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಊರ ಹೆಣ್ಣುಮಗಳು ಒಬ್ಬಳೂ ಇಲ್ಲ. ಗದಗಿನಿಂದಲೋ ಇಳಕಲ್ಲಿನಿಂದಲೋ ನಟಿಯರನ್ನು ಮುಂಗಡ ಕೊಟ್ಟು ಗೊತ್ತು ಮಾಡುತ್ತಾರೆ.

ನಾಟಕದ ದಿನ ಸಂಜೆಯ ಬಸ್ಸಿಗೆ ಆಕೆ ಇಳಿಯುತ್ತಾಳೆ. ಕೈಯಲ್ಲಿ ಒಂದು ಬ್ಯಾಗು, ಅದರಲ್ಲಿ ಸೀರೆ, ಬಣ್ಣ, ಸವರ. ಈ ಹುಡುಗರ ಜೊತೆ ಒಂದು ದಿನವೂ ತಾಲೀಮು ಮಾಡಿದವಳಲ್ಲ. ಆದರೆ ನಾಟಕ ಆಕೆಗೆ ಬಾಯಿಪಾಠ. ಪಿ.ಬಿ. ಧುತ್ತರಗಿಯವರ 'ಮಲಮಗಳು' ಇರಲಿ, ಹೊಸಬರು ಬರೆದದ್ದಿರಲಿ, ತನ್ನ ಮಾತಷ್ಟೇ ಅಲ್ಲ, ಎದುರಿನವನ ಮಾತೂ ಆಕೆಗೆ ಗೊತ್ತು. ನಡುರಾತ್ರಿ ದೀಪದ ಬೆಳಕಿಗೆ ಕಣ್ಣು ಕುಕ್ಕಿ ಊರ ನಾಯಕ ಮಾತು ಮರೆತು ಕಂಬದಂತೆ ನಿಂತಾಗ, ಜನರ ಕಡೆ ಬೆನ್ನು ಮಾಡಿ ಅವನ ಮಾತನ್ನು ಅವನ ಕಿವಿಗೆ ಉಸುರುವವಳು ಯಾರು? ಮೈಕಿನಿಂದ ದೂರ ಸರಿದ ಖಳನಾಯಕನನ್ನು ತೋಳು ಹಿಡಿದು ಜಗ್ಗಿ, ಅದೂ ನಾಟಕದ ಭಾಗವೇ ಎನ್ನುವಂತೆ ಮೈಕಿನ ಮುಂದೆ ತಂದು ನಿಲ್ಲಿಸುವವಳು ಯಾರು? ನೋಟು ಹಿಡಿದು ರಂಗಕ್ಕೆ ಹತ್ತಿದ ಕುಡುಕನಿಗೆ ಕೈಮುಗಿದು, ಅಣ್ಣಾ ಎಂದು ಕರೆದು, ಕೆಳಗಿಳಿಸಿ, ಬಿಟ್ಟ ಮಾತಿನಿಂದಲೇ ದೃಶ್ಯವನ್ನು ಮತ್ತೆ ಎತ್ತಿಕೊಳ್ಳುವವಳು ಯಾರು?

ಕಲಿತವರ ಭಾಷೆಯಲ್ಲಿ ಈ ಕೆಲಸಕ್ಕೆ ನಿರ್ದೇಶನ ಎಂದು ಹೆಸರು. ಆದರೆ ಜಾತ್ರೆಯ ಹ್ಯಾಂಡ್‌ಬಿಲ್ಲು ತೆಗೆದು ನೋಡಿರಿ. ನಾನು ಎಷ್ಟೋ ನೋಡಿದ್ದೇನೆ. ಗೌಡರ ಹೆಸರು, ಸೀನರಿಯವನ ಹೆಸರು, ಪೆಂಡಾಲಿನವನ ಹೆಸರು ಇರುತ್ತದೆ. ನಿರ್ದೇಶನ ಎಂಬಲ್ಲಿ ಒಬ್ಬ ಮಾಸ್ತರನ ಹೆಸರು. ಆಕೆಯ ಹೆಸರು ಕೆಳಗೆ ಎಲ್ಲೋ, ಊರಿನ ಹೆಸರು ಕೂಡಿಸಿ, ಜನ ಸೇರಲೆಂದು. ಬೆಳಗಿನ ಜಾವ ದುಡ್ಡು ಕೊಡುವಾಗ ಅದರಲ್ಲೂ ಚೌಕಾಶಿ.

ಇಳಕಲ್ಲಿನ ಮಾತು ಬಂತಲ್ಲ. ಕಣ್ಣಿಲ್ಲದ ಧುತ್ತರಗಿಯವರ ಹೆಂಡತಿ ಸರೋಜಮ್ಮನವರೂ ನಟಿಯೇ. ಕುಷ್ಟಗಿಗೆ ಇಷ್ಟು ಹತ್ತಿರದ ಊರಿನ ಆ ಹೆಸರನ್ನು ಎಷ್ಟು ಮಂದಿ ನೆನೆಯುತ್ತೇವೆ?

ಜಯಶ್ರೀ ಅವರು ಮಾಡಿದ ದೊಡ್ಡ ಕೆಲಸ ನನ್ನ ದೃಷ್ಟಿಯಲ್ಲಿ ಪ್ರಶಸ್ತಿ ಪಡೆದದ್ದಲ್ಲ, 2010ರಲ್ಲಿ ರಾಜ್ಯಸಭೆಗೆ ಹೋದದ್ದೂ ಅಲ್ಲ. ಮಾಸ್ತರಿಕೆಯನ್ನು ಹೆಸರು ಹಾಕಿಸಿಕೊಂಡು ಮಾಡಿದ್ದು. ಗುಬ್ಬಿ ಕಂಪನಿಯ ರಂಗದ ಮೇಲೆ ಬಾಲನಟಿಯಾಗಿದ್ದವರು ದೆಹಲಿಗೆ ಹೋಗಿ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು 1973ರಲ್ಲಿ ಹೊರಬಂದರು. 1976ರಲ್ಲಿ 'ಸ್ಪಂದನ' ತಂಡ ಕಟ್ಟಿದರು. 'ಲಕ್ಷಾಪತಿ ರಾಜನ ಕಥೆ', ಕಂಬಾರರ 'ಕರಿಮಾಯಿ' ರಂಗಕ್ಕೆ ಬಂದವು. 'ಸದಾರಮೆ'ಯಲ್ಲಿ ಅವರು ಸದಾರಮೆಯಾಗಲಿಲ್ಲ, ಕಳ್ಳನಾದರು! ಅಜ್ಜ ವೀರಣ್ಣನವರು ಆಡಿ ಹೆಸರಾದ ಪಾತ್ರ ಅದು. ಯಾರು ಯಾವ ಪಾತ್ರ ಮಾಡಬೇಕು, ಯಾರು ಎಲ್ಲಿ ನಿಲ್ಲಬೇಕು ಎಂದು ಹೇಳುವ ಅಧಿಕಾರ ಹೆಂಗಸಿನ ಕೈಗೆ ಬಂದರೆ ಹೀಗೂ ಆಗುತ್ತದೆ. ಅಳುವ ಸೊಸೆ, ಕುಣಿಯುವ ಸೂಳೆ ಈ ಎರಡೇ ಪಾತ್ರ ನಮಗೆ ಎಂಬ ಕಟ್ಟಳೆ ಮುರಿಯುತ್ತದೆ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ಮೈಸೂರಿನ ರಂಗಾಯಣಕ್ಕೂ ಅವರು ಮುಂದೆ ನಿರ್ದೇಶಕಿಯಾದರು.

"ಅವರಿಗೇನ್ರಿ, ಗುಬ್ಬಿ ವೀರಣ್ಣನ ಮನಿತನ" ಎನ್ನುವವರಿದ್ದಾರೆ. ಸರಿ, ಆರ್. ನಾಗರತ್ನಮ್ಮನವರನ್ನು ನೋಡಿರಿ. 1958ರಲ್ಲಿ ಮೈಸೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಗಂಡು ಪಾತ್ರಗಳೂ ಹೆಂಗಸರವೇ. ಕಂಸ, ರಾವಣರಾಗಿ ಅವರು ಗರ್ಜಿಸಿದರು. ದಾವಣಗೆರೆಯ ಚಿಂದೋಡಿ ಲೀಲಾ ಅವರಂತೂ ಕೆ.ಬಿ.ಆರ್. ಡ್ರಾಮಾ ಕಂಪನಿಯ ಯಜಮಾನಿಕೆಯನ್ನೇ ಹೊತ್ತವರು. ಮನೆತನ ರಂಗದ ಬಾಗಿಲು ತೆರೆಯಬಹುದು. ಒಳಗೆ ಹೋದ ಹೆಂಗಸನ್ನು ಮೂಲೆಯಲ್ಲಿ ನಿಲ್ಲಿಸಲು ಅದೇ ಮನೆತನ ಸಾಲದೆ?

ನಮ್ಮ ಹುಡುಗಿಯರಿಗೆ ಆ ಬಾಗಿಲೂ ತೆರೆಯದು. ನನಗೆ ಗೊತ್ತಿರುವ ಹುಡುಗಿಯೊಬ್ಬಳು ಕಾಲೇಜಿನ ಗ್ಯಾದರಿಂಗಿಗೆ ನಾಟಕ ಮಾಡಿಸುತ್ತೇನೆಂದು ಪುಸ್ತಕ ಹಿಡಿದುಕೊಂಡು ಹೋದಳು. ಪಾತ್ರ ಹಂಚಿ, ಹಾಡು ಗುರುತು ಮಾಡಿ, ಎಲ್ಲಾ ಬರೆದುಕೊಂಡಿದ್ದಳು. ಹಿರಿಯ ಉಪನ್ಯಾಸಕರೊಬ್ಬರು ನಕ್ಕರಂತೆ. "ನೀ ಮಾಡಸ್ತೀಯೇನವಾ? ಹುಡುಗ್ರು ನಿನ್ನ ಮಾತು ಕೇಳ್ತಾರೇನು? ಸ್ವಾಗತ ಗೀತೆ ಐತೆಲ್ಲ, ಅದನ್ನ ಚೊಲೊ ಹಾಡು." ಮನೆಗೆ ಬಂದು ಅತ್ತಳು. ತಾಯಿ ಹೇಳಿದ್ದು: "ಚೊಲೊ ಆತು ಬಿಡು, ನಾಳೆ ವರ ನೋಡಾಕ ಬಂದವ್ರು ಏನಂತಿದ್ರು." ಉಪನ್ಯಾಸಕರ ಮಾತಿಗಿಂತ ಈ ಮಾತು ನನ್ನನ್ನು ಹೆಚ್ಚು ಚುಚ್ಚುತ್ತದೆ. ಅದೇ ತಾಯಿ ಮಗಳನ್ನು ಐದು ವರ್ಷ ಭರತನಾಟ್ಯಕ್ಕೆ ಕಳಿಸಿದವಳು. ಅದೂ ಬಣ್ಣ, ಅದೂ ಗೆಜ್ಜೆ. ಆದರೆ ಅದಕ್ಕೆ ಮರ್ಯಾದೆ ಇದೆ, ಏಕೆಂದರೆ ಅಲ್ಲಿ ಆಕೆ ಯಾರಿಗೂ ಹೀಗೆ ಮಾಡು ಎಂದು ಹೇಳಬೇಕಿಲ್ಲ.

ಹೆಂಗಸು ನಿರ್ದೇಶಕಿಯಾದ ಮಾತ್ರಕ್ಕೆ ನಾಟಕ ಒಳ್ಳೆಯದಾಗುತ್ತದೆಂದು ನಾನು ಹೇಳುತ್ತಿಲ್ಲ. ಕೆಟ್ಟ ನಾಟಕವನ್ನೂ ಮಾಡಲಿ. ಗಂಡಸರು ಇಷ್ಟು ವರ್ಷ ಮಾಡಿಲ್ಲವೆ?

ನಮ್ಮ ಮಹಿಳಾ ಮಂಡಳಗಳ ಸುದ್ದಿಯೂ ಇಷ್ಟೆ. ಮಾರ್ಚ್ 8ಕ್ಕೆ ಹೆಂಗಸರೇ ಕೂಡಿ ನಾಟಕ ಆಡುತ್ತೇವೆ, ಮೀಸೆ ಅಂಟಿಸಿಕೊಂಡು ಗೌಡರಾಗುತ್ತೇವೆ, ಆದರೆ ಕಲಿಸಲು ಮಾತ್ರ ಒಬ್ಬ ಮಾಸ್ತರ ಬೇಕು. ಅವನಿಗೆ ಚಹಾ, ಫಳಾರ, ಶಾಲು, ಸಂಭಾವನೆ. ಬರುವ ವರ್ಷ ಆ ಸಂಭಾವನೆಯನ್ನು ಗದಗಿನಿಂದ ಸಂಜೆ ಬಸ್ಸಿಗೆ ಬರುವ ಆಕೆಗೆ ಕೊಡಬೇಕೆಂದು, ಒಂದು ತಿಂಗಳು ಇಲ್ಲೇ ಮನೆ ಮಾಡಿಕೊಟ್ಟು ಆಕೆಯಿಂದಲೇ ತಾಲೀಮು ಮಾಡಿಸಬೇಕೆಂದು ನಮ್ಮ ಸಭೆಯಲ್ಲಿ ಹೇಳಿದ್ದೇನೆ. ಇಬ್ಬರು ಎದ್ದು ಹೋದರು. ಉಳಿದವರು ಆಕೆಯ ಹೆಸರು ಹ್ಯಾಂಡ್‌ಬಿಲ್ಲಿನಲ್ಲಿ ಎಲ್ಲಿ ಬರಬೇಕು ಎಂದು ಇನ್ನೂ ವಾದ ಮಾಡುತ್ತಿದ್ದಾರೆ.