ಬ್ಯಾಟರಿ ಮೇಲೆ ಗೂಬೆ ಕೂರಿಸೋದು ನಿಲ್ಲಿಸಿ | ಭಾಗ 3

ಎಫ್‌ಆರ್‌ಸಿ ಪಂದ್ಯ ಇರೋದೇ ಸುಮಾರು ಎರಡೂವರೆ ನಿಮಿಷ. ಅದರ ಮಧ್ಯೆ ರೋಬೋಟ್ ತಡವರಿಸಿದ್ರೆ ಪಿಟ್‌ನಲ್ಲಿ ಕೇಳೋ ಮಾತು ಎರಡೇ: "ಬ್ಯಾಟರಿ ಹಳೇದು", ಇಲ್ಲಾಂದ್ರೆ "ಡ್ರೈವರ್‌ಗೆ ಓಡಿಸೋಕೆ ಬರಲ್ಲ". ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!

ಲೆಕ್ಕ ನೋಡಿ 👇

🔋 ಪೂರ್ತಿ ಚಾರ್ಜ್ ಆದ 12 ವೋಲ್ಟ್, 18 ಆಂಪ್-ಅವರ್ ಲೆಡ್ ಆಸಿಡ್ ಬ್ಯಾಟರಿ. ಮಲ್ಟಿಮೀಟರ್ 12.7 ತೋರಿಸುತ್ತೆ. ಅದು ಸುಮ್ನೆ ಕೂತಿರೋ ಬ್ಯಾಟರಿಯ ಮಾತು, ದುಡಿಯೋ ಬ್ಯಾಟರಿಯದಲ್ಲ.

ಬ್ಯಾಟರಿ, ಕೇಬಲ್, ಕನೆಕ್ಟರ್ ಎಲ್ಲಾ ಸೇರಿ ರೆಸಿಸ್ಟೆನ್ಸ್ 0.02 ಓಮ್ ಅಂತ ಇಟ್ಕೊಳ್ಳಿ. ಅಂದ್ರೆ ಪ್ರತಿ 100 ಆಂಪ್‌ಗೆ 2 ವೋಲ್ಟ್ ಹೋಯ್ತು.

⚙️ ಒಂದು ಸಿಐಎಂ ಮೋಟರ್ 12 ವೋಲ್ಟ್‌ನಲ್ಲಿ ಸ್ಟಾಲ್ ಆದ್ರೆ 131 ಆಂಪ್ ಎಳೆಯುತ್ತೆ. ನಾಲ್ಕು ಮೋಟರ್‌ಗೆ ನಿಂತಲ್ಲಿಂದ ಒಮ್ಮೆಲೇ ಫುಲ್ ಪವರ್ ಕೊಟ್ರೆ ಸುಮಾರು 296 ಆಂಪ್. ಉಳಿಯೋದು 6.8 ವೋಲ್ಟ್. ರೋಬೋರಿಯೋ 2ರ ಡೀಫಾಲ್ಟ್ ಬ್ರೌನ್‌ಔಟ್ ಮಿತಿ 6.75! ಅದೇ ಹೊತ್ತಿಗೆ ತೋಳಿನ ಮೋಟರ್ ಆನ್ ಆದ್ರೆ ಮುಗೀತು, ಮೋಟರ್‌ಗಳೆಲ್ಲಾ ಆಫ್.

ಗಮನಿಸಿ: ಇದು ಒಳ್ಳೇ ಬ್ಯಾಟರಿ ಲೆಕ್ಕ. ಹಳೇದರಲ್ಲಿ ಇನ್ನೂ ಕಷ್ಟ, ನಿಜ. ಆದ್ರೆ ಹೊಸದು ತಂದ್ರೂ ಈ ಗಣಿತ ಬದಲಾಗಲ್ಲ.

❌ "40 ಆಂಪ್ ಬ್ರೇಕರ್ ಇದೆಯಲ್ಲ?"
ಅದು ಬಿಸಿಗೆ ಟ್ರಿಪ್ ಆಗೋ ಬ್ರೇಕರ್. 40 ದಾಟಿದ್ರೂ ಕೆಲವು ಸೆಕೆಂಡ್ ತಡ್ಕೊಳ್ಳುತ್ತೆ. ವೈರ್ ಸುಡದ ಹಾಗೆ ಕಾಯುತ್ತೆ, ವೋಲ್ಟೇಜ್ ಕಾಯಲ್ಲ.

❌ "ಕರೆಂಟ್ ಲಿಮಿಟ್ ಹಾಕಿದ್ರೆ ರೋಬೋಟ್ ನಿಧಾನ ಆಗುತ್ತೆ."
ಚಕ್ರ ನೆಲದ ಮೇಲೆ ಜಾರೋಕೆ ಶುರುವಾದ ಮೇಲೆ ಎಷ್ಟು ಕರೆಂಟ್ ಸುರಿದರೂ ರೋಬೋಟ್ ಇನ್ನೂ ಜೋರಾಗಿ ಮುಂದಕ್ಕೆ ಹೋಗಲ್ಲ, ಚಕ್ರ ಸುತ್ತುತ್ತೆ ಅಷ್ಟೇ. ಗೋಡೆಗೆ ಒತ್ತಿ ನಿಲ್ಲಿಸಿ, ನಿಧಾನಕ್ಕೆ ಪವರ್ ಏರಿಸಿ, ಚಕ್ರ ಜಾರೋ ಕರೆಂಟ್ ಬರೆದಿಟ್ಕೊಳ್ಳಿ. ಮೋಟರ್ ಕರೆಂಟ್ ಮಿತಿ ಅದಕ್ಕಿಂತ ಸ್ವಲ್ಪ ಕೆಳಗಿರಲಿ. ಬ್ಯಾಟರಿಯಿಂದ ಎಳೆಯೋದಕ್ಕೆ ಪ್ರತ್ಯೇಕ ಮಿತಿ ಹಾಕಿ: ಮೋಟರ್‌ಗೆ 40 ಅಂದ್ರೆ ನಾಲ್ಕಕ್ಕೆ 160 ಆಂಪ್, ಆಗ ಉಳಿಯೋದು 9.5 ವೋಲ್ಟ್.

✅ ಟರ್ಮಿನಲ್ ಬೋಲ್ಟ್ ಕೈಯಲ್ಲಿ ಅಲ್ಲಾಡಿಸಿ ನೋಡಿ. ಸಡಿಲ ಇದ್ದು 0.01 ಓಮ್ ಜಾಸ್ತಿಯಾದ್ರೂ 200 ಆಂಪ್‌ಗೆ 2 ವೋಲ್ಟ್ ನಷ್ಟ. ಸರಿ ಮಾಡೋಕೆ ಬೇಕಿರೋದು ಒಂದು ಸ್ಪ್ಯಾನರ್.

ಕೋಡ್‌ನಲ್ಲಿ ನಾಲ್ಕು ಸಾಲು ಬರೆಯದೆ ಮಕ್ಕಳ ಕೈಯಲ್ಲಿ ಚಂದಾ ಎತ್ತಿಸಿ ಹೊಸ ಬ್ಯಾಟರಿ ತರಿಸೋದು ಮೆಂಟರಿಂಗ್ ಅಲ್ಲ. ಇಡೀ ಸೀಸನ್ ದುಡಿದ ಹುಡುಗಿ ಜಾಯ್‌ಸ್ಟಿಕ್ ಹಿಡಿದು ಎಲ್ಲರ ಮುಂದೆ ತಲೆ ತಗ್ಗಿಸೋ ಹಾಗೆ ಮಾಡೋದಂತೂ ಅನ್ಯಾಯ. ಡ್ರೈವರ್ ಸ್ಟೇಷನ್ ಲಾಗ್‌ನಲ್ಲಿ ವೋಲ್ಟೇಜ್ ಗ್ರಾಫ್ ಇದೆ. ಬೈಯೋ ಮುಂಚೆ ಅದನ್ನ ತೆಗೆದು ನೋಡಿ.

ಸೇವ್ ಮಾಡ್ಕೊಳ್ಳಿ, ನಿಮ್ಮ ಟೀಮ್ ಗ್ರೂಪ್‌ಗೆ ಕಳಿಸಿ. ಒಪ್ಪದಿದ್ರೆ ಕಾಮೆಂಟ್‌ನಲ್ಲಿ ಲೆಕ್ಕ ಸಮೇತ ಬನ್ನಿ 🙏

ಭಾಗ 4: ಕ್ರಿಂಪಿಂಗ್

#ಎಫ್‌ಆರ್‌ಸಿ #ರೋಬೋಟಿಕ್ಸ್ #ಕನ್ನಡದಲ್ಲಿ_ತಂತ್ರಜ್ಞಾನ