ಆರರಲ್ಲಿ ಒಂದು ಸೊರಗಿದರೆ

ಬ್ಯಾಟರಿ ರಿಪೇರಿ ಅಂಗಡಿಯ ಮುಂದೆ ಎಂದಾದರೂ ನಿಂತಿದ್ದರೆ ಈ ದೃಶ್ಯ ನಿಮಗೆ ನೆನಪಿದ್ದೀತು. ಮೆಕ್ಯಾನಿಕ್ ಟ್ರ್ಯಾಕ್ಟರ್ ಬ್ಯಾಟರಿಯ ಮೇಲಿನ ಆರು ಬಿರಡೆಗಳನ್ನು ಒಂದೊಂದಾಗಿ ತಿರುಗಿಸಿ ತೆಗೆಯುತ್ತಾನೆ. ರಬ್ಬರ್ ಬುರುಡೆಯ ಗಾಜಿನ ಕೊಳವೆಯನ್ನು ತೂತಿಗೆ ಇಳಿಸಿ ಆಸಿಡ್ ನೀರನ್ನು ಹೀರುತ್ತಾನೆ. ಒಳಗಿನ ಕಡ್ಡಿ ಎಷ್ಟು ತೇಲಿದೆ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಾನೆ. ಐದು ತೂತುಗಳಲ್ಲಿ ಕಡ್ಡಿ ಮೇಲೆದ್ದು ನಿಲ್ಲುತ್ತದೆ, ಆರನೆಯದರಲ್ಲಿ ಮುಳುಗುತ್ತದೆ. ‘ಒಂದು ಸೆಲ್ ಹೋಗಿದೆ, ಯಜಮಾನ್ರೇ’ ಎಂದು ತೀರ್ಪು ಕೊಡುತ್ತಾನೆ. ಇನ್ನೈದು ಚೆನ್ನಾಗಿವೆಯಲ್ಲ ಎಂದು ನೀವು ವಾದ ಹೂಡಿ ಪ್ರಯೋಜನವಿಲ್ಲ. ಜೋಡೆತ್ತಿನಲ್ಲಿ ಒಂದು ಕುಂಟಿದರೂ ನೇಗಿಲು ನಿಂತಂತೆಯೇ.

ಅದೇ ಆರು ಸೆಲ್‌ಗಳ ಕಥೆ ಈಗ ಹೊಲದಿಂದ ಮೇಲೆದ್ದು ಆಕಾಶಕ್ಕೆ ಹೋಗಿದೆ. ಭತ್ತ, ತೊಗರಿ, ಹತ್ತಿ ಹೊಲಗಳ ಮೇಲೆ ಔಷಧ ಸಿಂಪಡಿಸುವ ಡ್ರೋನ್‌ಗಳನ್ನು ನೀವು ನೋಡಿರಬಹುದು. ೨೦೨೩ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ೧೫,೦೦೦ ಮಹಿಳಾ ಸ್ವಸಹಾಯ ಸಂಘಗಳಿಗೆ ಇಂಥ ಡ್ರೋನ್ ಒದಗಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಬೆಲೆಯ ಶೇ ೮೦ರಷ್ಟು, ಗರಿಷ್ಠ ೮ ಲಕ್ಷ ರೂಪಾಯಿ ಸಹಾಯಧನ; ಉಳಿದದ್ದು ಸಂಘದ ಸಾಲ. ಹಾರುವುದನ್ನು ಕಲಿಸಲು ತರಬೇತಿಯೂ ಉಂಟು. ಆದರೆ ನಿತ್ಯ ಕೈಕೊಡುವುದು ರೆಕ್ಕೆಯಲ್ಲ, ಬ್ಯಾಟರಿ. ಟ್ರ್ಯಾಕ್ಟರ್ ನಿಂತರೆ ನಾಲ್ಕು ಜನ ಸೇರಿ ತಳ್ಳಬಹುದು. ಡ್ರೋನ್ ನಿಂತರೆ ಬೀಳುತ್ತದೆ. ಹತ್ತು ಲೀಟರ್ ಔಷಧದ ಸಮೇತ ಬೀಳುತ್ತದೆ, ಕೆಳಗೆ ಯಾರಿದ್ದಾರೆಂದು ನೋಡುವುದಿಲ್ಲ.

ಇದರಲ್ಲಿರುವುದು ಲಿಥಿಯಂ ಪಾಲಿಮರ್ ಸೆಲ್. ಬಳಸುವವರ ಬಾಯಲ್ಲಿ ‘ಲೈಪೋ’. ಬೆಳ್ಳಿ ಬಣ್ಣದ ಚೀಲದಂಥ ಈ ಸೆಲ್ ತುಂಬಿದಾಗ ೪.೨ ವೋಲ್ಟ್, ಸರಾಸರಿ ೩.೭ ವೋಲ್ಟ್. ಕೆಲಸ ಮಾಡುವಾಗ ೩ ವೋಲ್ಟಿನ ಕೆಳಗೆ ಇಳಿಯಲೇಬಾರದು. ಆರನ್ನು ಸಾಲಾಗಿ ಪೋಣಿಸಿದರೆ ತುಂಬಿದ ಬ್ಯಾಟರಿ ೨೫.೨ ವೋಲ್ಟ್ ತೋರಿಸುತ್ತದೆ. ಎಲ್ಲ ಸೆಲ್‌ಗಳೂ ಒಂದೇ ಮಟ್ಟದಲ್ಲಿದ್ದರೆ ಸಂತೋಷ. ಒಂದು ಹಿಂದೆ ಬಿದ್ದರೆ ಅದನ್ನು ‘ಅನ್‌ಬ್ಯಾಲೆನ್ಸ್’ ಎನ್ನುತ್ತಾರೆ.

ಮೋಸ ಇರುವುದು ಒಟ್ಟು ಲೆಕ್ಕದಲ್ಲಿ. ಒಂದು ಉದಾಹರಣೆ ನೋಡೋಣ. ಐದು ಸೆಲ್‌ಗಳು ತಲಾ ೩.೮೨ ವೋಲ್ಟ್, ಆರನೆಯದು ೩.೪೧. ಒಟ್ಟು ೨೨.೫೧ ವೋಲ್ಟ್, ಅಂದರೆ ಸರಾಸರಿ ೩.೭೫. ಏನೂ ತೊಂದರೆ ಕಾಣುವುದಿಲ್ಲ. ಈಗ ಡ್ರೋನ್ ಮೇಲೇಳುತ್ತದೆ, ನೂರು ಆಂಪಿಯರ್ ಎಳೆಯುತ್ತದೆ ಎನ್ನಿ. ಆರೋಗ್ಯವಂತ ಸೆಲ್‌ನ ಒಳಗಿನ ಅಡ್ಡಿ, ಅಂದರೆ ಪ್ರತಿರೋಧ, ಒಂದೂವರೆ ಮಿಲಿಓಮ್ ಇದ್ದರೆ ಅದು ೦.೧೫ ವೋಲ್ಟ್ ಕುಸಿದು ೩.೬೭ಕ್ಕೆ ನಿಲ್ಲುತ್ತದೆ. ಸೊರಗಿದ ಸೆಲ್‌ನ ಅಡ್ಡಿ ಐದು ಮಿಲಿಓಮ್ ಆಗಿದ್ದರೆ ಅದು ಅರ್ಧ ವೋಲ್ಟ್ ಕುಸಿದು ೨.೯೧ಕ್ಕೆ ಬೀಳುತ್ತದೆ. ಅಪಾಯದ ಗೆರೆ ದಾಟಿಯಾಯಿತು. ಆದರೆ ಒಟ್ಟು ಇನ್ನೂ ೨೧.೨೬ ವೋಲ್ಟ್! ಎಚ್ಚರಿಕೆಯ ಗಂಟೆಯನ್ನು ೨೧ಕ್ಕೆ ಇಟ್ಟಿದ್ದರೆ ಅದು ಬಾರಿಸುವುದೇ ಇಲ್ಲ.

ಚಾರ್ಜ್ ಮಾಡುವಾಗ ಆಟ ಉಲ್ಟಾ. ಒಟ್ಟು ೨೫.೨ ಮುಟ್ಟಿದಾಗ ನಿಲ್ಲಿಸುವುದಷ್ಟೇ ಗೊತ್ತಿರುವ ಚಾರ್ಜರ್ ಇದೆ ಎನ್ನಿ. ಸೊರಗಿದ ಸೆಲ್ ೩.೯ರಲ್ಲೇ ಉಳಿದರೆ, ಬಾಕಿ ಐದೂ ೪.೨೬ಕ್ಕೆ ಏರಿರುತ್ತವೆ. ಒಬ್ಬನ ಸೋಮಾರಿತನಕ್ಕೆ ಐವರಿಗೆ ಅಜೀರ್ಣ. ಹೊಟ್ಟೆ ಉಬ್ಬುವುದು ಇಲ್ಲಿ ಬರೀ ಮಾತಲ್ಲ. ಒಳಗಿನ ರಾಸಾಯನಿಕ ದ್ರವ ಒಡೆದು ಅನಿಲವಾಗಿ ಚೀಲ ನಿಜಕ್ಕೂ ಉಬ್ಬುತ್ತದೆ.

ಹಾಗಾದರೆ ಪತ್ತೆ ಹೇಗೆ? ಲೈಪೋಗೆ ಬಿರಡೆ ಇಲ್ಲ ನಿಜ. ಆದರೆ ದಪ್ಪ ಕೆಂಪು, ಕಪ್ಪು ತಂತಿಗಳ ಪಕ್ಕದಲ್ಲಿ ಪುಟ್ಟ ಬಿಳಿ ಪ್ಲಗ್ ನೇತಾಡುತ್ತಿರುತ್ತದಲ್ಲ, ಅದೇ ನಮ್ಮ ಆರು ಬಿರಡೆ. ಅದರಲ್ಲಿ ಏಳು ಸಣ್ಣ ತಂತಿಗಳು. ಅಕ್ಕಪಕ್ಕದ ಎರಡೆರಡರ ನಡುವೆ ಒಂದೊಂದು ಸೆಲ್. ಪ್ಲಗ್‌ಗೆ ಸಿಕ್ಕಿಸುವ ಸೆಲ್ ಚೆಕರ್ ಅಗ್ಗದ ಸಾಧನ. ಬುದ್ಧಿವಂತ ಬ್ಯಾಟರಿಗಳಲ್ಲಿ ಈ ಪ್ಲಗ್ ಹೊರಗೆ ಕಾಣದಿದ್ದರೂ ರಿಮೋಟಿನ ಪರದೆಯಲ್ಲಿ ಒಂದೊಂದು ಸೆಲ್‌ನ ಲೆಕ್ಕ ಸಿಗುತ್ತದೆ.

ಹಾರಿ ಬಂದ ಬಿಸಿಯಲ್ಲೇ ಅಳೆಯಬೇಡಿ. ಒಂದು ಗಂಟೆ ನೆರಳಲ್ಲಿ ತಣಿಯಲಿ. ಆಮೇಲೆ ಮೊದಲು ಅನುಮಾನಿಸಬೇಕಾದ್ದು ಸೆಲ್ಲನ್ನಲ್ಲ, ತಂತಿಯನ್ನು. ಔಷಧ, ಗೊಬ್ಬರದ ಹನಿ ಬಿದ್ದು ಪ್ಲಗ್‌ನ ಪಿನ್ನು ಕಿಲುಬು ಹಿಡಿದಿರುತ್ತದೆ. ತಂತಿ ಒಳಗೇ ತುಂಡಾಗಿರುತ್ತದೆ. ಇದಕ್ಕೊಂದು ಗುರುತು ಇದೆ. ಒಂದು ಸೆಲ್ ಕಡಿಮೆ ತೋರಿಸಿ, ಪಕ್ಕದ್ದು ಅಷ್ಟೇ ಪ್ರಮಾಣದಲ್ಲಿ ಹೆಚ್ಚು ತೋರಿಸಿದರೆ, ಅವೆರಡರ ನಡುವಿನ ತಂತಿಯೇ ಬಹುಪಾಲು ಕಳ್ಳ. ಮಲ್ಟಿಮೀಟರ್‌ನಿಂದ ಇನ್ನೊಮ್ಮೆ ಅಳೆದು ಖಚಿತ ಮಾಡಿಕೊಳ್ಳಿ. ಅದರ ಎರಡು ಮುಳ್ಳುಗಳು ಒಂದಕ್ಕೊಂದು ತಾಗದಂತೆ ಮಾತ್ರ ನೋಡಿಕೊಳ್ಳಿ. ತಾಗಿದರೆ ಕಿಡಿ ಹಾರುತ್ತದೆ.

ತಂತಿ ಸರಿಯಿದೆ, ಸೆಲ್ಲೇ ಹಿಂದೆ ಬಿದ್ದಿದೆ ಎಂದಾದರೆ ‘ಬ್ಯಾಲೆನ್ಸ್ ಚಾರ್ಜ್’ ಮಾಡಬೇಕು. ಇದರ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಸಾಮಾನ್ಯ ಚಾರ್ಜರ್ ಹಿಂದುಳಿದ ಸೆಲ್‌ಗೆ ವಿಶೇಷ ಮೇವು ಹಾಕುವುದಿಲ್ಲ. ಮುಂದಿರುವ ಸೆಲ್‌ಗಳ ವಿದ್ಯುತ್ತನ್ನು ಸಣ್ಣ ರೆಸಿಸ್ಟರ್‌ಗಳ ಮೂಲಕ ಶಾಖವಾಗಿ ಸೋರಿಸಿ, ಹಿಂದಿನವನು ಬಂದು ಸೇರುವವರೆಗೆ ಕಾಯಿಸುತ್ತದೆ. ಆ ಸೋರಿಕೆ ಅರ್ಧ ಆಂಪಿಯರ್ ಇದ್ದರೆ ದೊಡ್ಡ ಮಾತು. ೨೨ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಶೇ ೧೦ರಷ್ಟು ವ್ಯತ್ಯಾಸ ಇದ್ದರೆ ಅದು ೨.೨ ಆಂಪಿಯರ್-ಗಂಟೆ, ಸರಿದೂಗಿಸಲು ನಾಲ್ಕು ಗಂಟೆಗೂ ಹೆಚ್ಚು ಬೇಕು. ‘ಹೊತ್ತಾಯ್ತು, ಇನ್ನೊಂದು ಎಕರೆ ಮುಗಿಸಬೇಕು’ ಎಂದು ದಿನವೂ ಅರ್ಧಕ್ಕೇ ಕಿತ್ತುಕೊಂಡು ಹೋದರೆ ಬಾಕಿ ಬೆಳೆಯುತ್ತಲೇ ಹೋಗುತ್ತದೆ.

ನಿಜವಾದ ಪರೀಕ್ಷೆ ಇರುವುದು ಸರಿದೂಗಿಸಿದ ನಂತರ. ಸೆಲ್‌ಗಳು ಸುಮಾರು ೩.೮ ವೋಲ್ಟ್ ಇರುವಂತೆ ಮಾಡಿ ನಾಲ್ಕೈದು ದಿನ ಬ್ಯಾಟರಿಯನ್ನು ಸುಮ್ಮನೆ ಇಡಿ, ಮತ್ತೆ ಅಳೆಯಿರಿ. ಎಲ್ಲವೂ ಒಂದೇ ಮಟ್ಟದಲ್ಲಿದ್ದು, ಮುಂದಿನ ಹಾರಾಟದ ಮೊದಲೂ ಕೊನೆಗೂ ಜೊತೆಯಾಗಿಯೇ ಉಳಿದರೆ ಅದು ಬರೀ ಅಲಕ್ಷ್ಯದ ಫಲ, ರೋಗವಲ್ಲ. ಸುಮ್ಮನೆ ಇಟ್ಟಾಗಲೇ ಅದೇ ಸೆಲ್ ಮತ್ತೆ ಇಳಿದಿದ್ದರೆ ಒಳಗೆ ಸೋರಿಕೆ ಇದೆ. ಇಟ್ಟಾಗ ಸರಿಯಿದ್ದು ಹಾರುವಾಗ ಮಾತ್ರ ಕುಸಿದರೆ ಒಳಗಿನ ಅಡ್ಡಿ ಹೆಚ್ಚಿದೆ. ಮೂರನೆಯ ಬಗೆ ವಿಚಿತ್ರದ್ದು: ಚಾರ್ಜ್ ಮಾಡುವಾಗ ಎಲ್ಲರಿಗಿಂತ ಮೊದಲು ತುಂಬುತ್ತದೆ, ಹಾರುವಾಗ ಎಲ್ಲರಿಗಿಂತ ಮೊದಲು ಬರಿದಾಗುತ್ತದೆ. ಅದರ ಹೊಟ್ಟೆಯೇ ಕುಗ್ಗಿದೆ ಎಂದರ್ಥ. ಈ ಮೂರು ರೋಗಗಳಿಗೂ ಬ್ಯಾಲೆನ್ಸ್ ಚಾರ್ಜ್ ಮದ್ದಲ್ಲ, ಬರೀ ನೋವು ಮರೆಸುವ ಮಾತ್ರೆ. ಪ್ರತಿ ಸಲವೂ ಚಾರ್ಜರ್ ಕಷ್ಟಪಟ್ಟು ಸಮ ಮಾಡುತ್ತಿದೆ ಎಂದರೆ ಅದು ರೋಗವನ್ನು ಮುಚ್ಚಿಡುತ್ತಿದೆ ಎಂದು ತಿಳಿಯಿರಿ.

ಇಲ್ಲಿ ನಮ್ಮ ರಿಪೇರಿ ಬುದ್ಧಿ ಜಾಗೃತವಾಗುತ್ತದೆ. ಕೆಟ್ಟ ಸೆಲ್ ಕಿತ್ತು ಹೊಸದೊಂದನ್ನು ಬೆಸೆದರೆ? ಬೇಡ. ಹಳೆಯ ಐವರ ಜೊತೆ ಹೊಸಬನ ನಡಿಗೆ ಎಂದೂ ಹೊಂದುವುದಿಲ್ಲ. ಮಲಗಿದ ಸೆಲ್ಲನ್ನು ಪ್ರತ್ಯೇಕವಾಗಿ ಚಾರ್ಜ್ ಕೊಟ್ಟು ಎಬ್ಬಿಸಿದರೆ? ಅದಂತೂ ಬೇಡವೇ ಬೇಡ. ವೋಲ್ಟೇಜ್ ತೀರ ಪಾತಾಳಕ್ಕೆ ಇಳಿದಾಗ ಸೆಲ್‌ನೊಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೇ ಶಾರ್ಟ್ ಆಗುವ ದಾರಿ ಮಾಡುತ್ತದೆ. ಬೆಂಕಿ ಅಂದೇ ಹತ್ತಬೇಕೆಂದೇನೂ ಇಲ್ಲ. ಮುಂದಿನ ವಾರ, ಮಧ್ಯರಾತ್ರಿಯಲ್ಲಿ, ಮಕ್ಕಳು ಮಲಗಿದ ಕೋಣೆಯಲ್ಲಿ ಹತ್ತಬಹುದು.

ಒಂದೇ ಸೆಲ್ ಅಷ್ಟೆಲ್ಲ ಮಾಡೀತೇ? ೨೦೧೩ರ ಜನವರಿ ೭ರಂದು ಅಮೆರಿಕದ ಬೋಸ್ಟನ್ ನಿಲ್ದಾಣದಲ್ಲಿ ನಿಂತಿದ್ದ ಬೋಯಿಂಗ್ ೭೮೭ ವಿಮಾನದ ಲಿಥಿಯಂ ಬ್ಯಾಟರಿ ಹೊತ್ತಿ ಉರಿಯಿತು. ಪುಣ್ಯಕ್ಕೆ ಪ್ರಯಾಣಿಕರು ಇಳಿದಾಗಿತ್ತು. ಅದರಲ್ಲಿದ್ದುದು ಎಂಟು ಸೆಲ್. ಅವುಗಳಲ್ಲಿ ಒಂದರೊಳಗೆ ಆದ ಶಾರ್ಟ್ ಸರ್ಕೀಟಿನ ಬಿಸಿ ಉಳಿದವಕ್ಕೂ ಹಬ್ಬಿತೆಂದು ತನಿಖೆ ಹೇಳಿತು. ಅದೇ ತಿಂಗಳು ಜಪಾನಿನಲ್ಲೂ ಇದೇ ಮಾದರಿಯ ಇನ್ನೊಂದು ವಿಮಾನದ ಬ್ಯಾಟರಿ ಕೆಟ್ಟು, ಲೋಕದ ಸುಮಾರು ೫೦ ಹೊಚ್ಚಹೊಸ ವಿಮಾನಗಳು ಏಪ್ರಿಲ್‌ವರೆಗೆ ನೆಲಕ್ಕಂಟಿ ಕೂತವು. ಅಷ್ಟೆಲ್ಲ ಕಾವಲಿದ್ದ ಬ್ಯಾಟರಿಯ ಗತಿ ಹಾಗಾದರೆ ಮನೆಯ ಗೋಡೆಗೂಡಿನಲ್ಲಿರುವ ಬ್ಯಾಟರಿಯ ಗತಿ?

ಆದ್ದರಿಂದ ಕೆಲವು ಶಿಸ್ತು ಬೇಕು. ಪ್ರತಿ ಬ್ಯಾಟರಿಗೂ ನಂಬರ್ ಬರೆದು, ಹಾರಾಟ ಮುಗಿದು ತಣಿದ ಮೇಲೆ ಆರೂ ಸೆಲ್‌ಗಳ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಗೀಚಿಡಿ. ಹಾಲಿನ ಡೇರಿಯ ಲೆಕ್ಕ ಇಡುವ ಸಂಘದವರಿಗೆ ಇದು ಕಷ್ಟವಲ್ಲ. ತಣಿದ ಮೇಲೂ ೦.೧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ, ಅದೂ ಅದೇ ಸೆಲ್‌ನಲ್ಲಿ ಮೂರು ಸಲ ಕಂಡರೆ ಆ ಬ್ಯಾಟರಿಗೆ ನಿವೃತ್ತಿ ಕೊಡಿ. ಉಬ್ಬಿದ್ದರೆ ಅಳೆಯುವ ಪ್ರಶ್ನೆಯೇ ಇಲ್ಲ. ಚಾರ್ಜ್ ಮಾಡುವುದು ಸಿಮೆಂಟ್ ನೆಲದ ಮೇಲೆ, ಹುಲ್ಲು-ಹಾಸಿಗೆಯಿಂದ ದೂರ, ಎಚ್ಚರ ಇರುವಾಗ ಮಾತ್ರ. ಕೆಲಸವಿಲ್ಲದ ದಿನಗಳಲ್ಲಿ ೩.೮ ವೋಲ್ಟಿನ ಮಟ್ಟದಲ್ಲಿ ತಂಪಾದ ಜಾಗದಲ್ಲಿಡಿ. ಏಪ್ರಿಲ್ ಬಿಸಿಲಿನ ತಗಡಿನ ಶೆಡ್ಡು ಅದಕ್ಕೆ ಶತ್ರು.

ನಿವೃತ್ತ ಬ್ಯಾಟರಿಯನ್ನು ತಿಪ್ಪೆಗೆಸೆಯಬೇಡಿ, ಚುಚ್ಚಬೇಡಿ. ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಸಂಗ್ರಹ, ಮರುಬಳಕೆಯ ಹೊಣೆ ತಯಾರಕರದ್ದು. ಕೊಳ್ಳುವ ದಿನವೇ ಕೇಳಿಡಿ, ‘ಹಳೆಯದನ್ನು ಎಲ್ಲಿ ಕೊಡಬೇಕು?’ ಎಂದು.

ಹೊಸ ಬ್ಯಾಟರಿಗೆ ಸಾವಿರಾರು ರೂಪಾಯಿ ಬೇಕು, ಸಾಲದ ಕಂತು ಬೇರೆ ಇದೆ, ಇನ್ನೊಂದು ಸುಗ್ಗಿ ತಳ್ಳೋಣ ಎನ್ನಿಸುವುದು ಸಹಜ. ಆದರೆ ಬಿದ್ದರೆ ಹೋಗುವುದು ಬರೀ ಬ್ಯಾಟರಿಯಲ್ಲ, ಅದನ್ನು ಹೊತ್ತ ಲಕ್ಷಾಂತರದ ಯಂತ್ರ. ಒಟ್ಟು ಲೆಕ್ಕ ಚೆನ್ನಾಗಿದೆ ಎಂದು ಹೇಳುವ ಮೀಟರನ್ನು ನಂಬಬೇಡಿ. ಆ ಹಳೆಯ ಮೆಕ್ಯಾನಿಕ್‌ನಂತೆ ಆರೂ ಬಿರಡೆ ತೆಗೆದು ನೋಡಿ.