ಕೂಸಿದ್ದರಷ್ಟೇ ತಾಯಿಯ ರಕ್ತಕ್ಕೆ ಬೆಲೆಯೇ?

ಗಿರಣಿಯ ಹೆಣ್ಣಾಳೊಬ್ಬಳು ಅರ್ಧ ದಿನದ ಕೂಲಿ ಬಿಟ್ಟು ಡಾಕ್ಟರ ಬಳಿ ಹೋಗಿ, "ಸದ್ಯಕ್ಕೆ ಮಗು ಬೇಡ" ಎನ್ನುತ್ತಾಳೆ. ಗುಳಿಗೆ ಸಿಗುತ್ತದೆ, ಇಲ್ಲವೆ ವಂಕಿ ಹಾಕುತ್ತಾರೆ. ಕುಟುಂಬ ಯೋಜನೆಯ ಲೆಕ್ಕದಲ್ಲಿ ಒಂದು ಅಂಕಿ ಏರುತ್ತದೆ. ಆಕೆಗೆ ಗುಪ್ತರೋಗ ತಗುಲಿದೆಯೇ ಎಂದು ಪರೀಕ್ಷಿಸಲೇಬೇಕೆಂಬ ಕಟ್ಟುನಿಟ್ಟು ಎಲ್ಲಿದೆ?

ಇದು ಬೀದಿಯಲ್ಲಿ ಆಡುವ ಮಾತಲ್ಲವೆಂದು ಮೂಗು ಮುರಿಯುವವರುಂಟು. ಅವರು ಕೇಳಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರ ಒಂದೇ ವರ್ಷದಲ್ಲಿ ಕ್ಲಮೀಡಿಯಾ, ಗೊನೋರಿಯಾ, ಸಿಫಿಲಿಸ್, ಟ್ರೈಕೊಮೋನಿಯಾಸಿಸ್ ಎಂಬ ನಾಲ್ಕು ರೋಗಗಳು ಜಗತ್ತಿನಲ್ಲಿ ಹೊಸದಾಗಿ ತಗುಲಿದ್ದು 37 ಕೋಟಿ 40 ಲಕ್ಷ ಸಲ. ನಾಲ್ಕೂ ಔಷಧದಿಂದ ವಾಸಿಯಾಗುವಂಥವೇ. ಆದರೆ ಕ್ಲಮೀಡಿಯಾ ತಗುಲಿದ ಬಹುಪಾಲು ಹೆಂಗಸರಿಗೆ ನೋವಿಲ್ಲ, ಬಿಳಿಸೆರಗಿಲ್ಲ. ಒಳಗೊಳಗೇ ಗರ್ಭನಾಳ ಕೆಡಿಸಿ ಬಂಜೆತನ ತರಬಲ್ಲ ರೋಗವದು. ಲಕ್ಷಣ ಕೇಳಿ ಔಷಧದ ಪೊಟ್ಟಣ ಕೊಡುವ ನಮ್ಮ ಆಸ್ಪತ್ರೆಗಳ ಪದ್ಧತಿಯಿಂದ ಲಕ್ಷಣವೇ ಇಲ್ಲದವಳಿಗೆ ಏನು ಬಂತು? ಕ್ಲಮೀಡಿಯಾ, ಗೊನೋರಿಯಾ ಇರುವಾಗ ವಂಕಿ ಹಾಕಬಾರದೆಂದು ಅದೇ ಸಂಸ್ಥೆ ಹೇಳಿದೆ. ಪರೀಕ್ಷೆಯೇ ಮಾಡದೆ ಇದೆಯೋ ಇಲ್ಲವೋ ತಿಳಿಯುವುದೆಂತು?

ಗರ್ಭಿಣಿಗೆ ಸಿಫಿಲಿಸ್ ಪರೀಕ್ಷೆ ಆಗಬೇಕೆಂಬ ನಿಯಮ ನಮ್ಮಲ್ಲಿದೆ. ಒಳ್ಳೆಯದು, ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಹೊಟ್ಟೆಯಲ್ಲಿ ಕೂಸಿದ್ದರಷ್ಟೇ ಆಕೆಯ ರಕ್ತಕ್ಕೆ ಬೆಲೆಯೇ? ಕೂಸು ಬೇಡವೆಂದವಳು ಮನುಷ್ಯಳಲ್ಲವೇ?

ಇನ್ನು ಗಂಡಸರ ಮಾತು. ಎಷ್ಟೋ ಮನೆಗಳಿಗೆ ಈ ರೋಗ ತರುವವನು ಗಂಡ, ಬೈಗುಳ ತಿನ್ನುವವಳು ಹೆಂಡತಿ. ಗುಳಿಗೆ, ವಂಕಿ, ಶಸ್ತ್ರಕ್ರಿಯೆ ಇವು ಯಾವುವೂ ಸೋಂಕನ್ನು ತಡೆಯವು. ಅದನ್ನು ತಡೆಯಬಲ್ಲದ್ದು ನಿರೋಧ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರು ವಿವಾಹಿತೆಯರಲ್ಲಿ ಸುಮಾರು 38 ಮಂದಿ ಶಸ್ತ್ರಕ್ರಿಯೆ ಮಾಡಿಸಿಕೊಂಡಿದ್ದರು. ಗಂಡ ಮಾಡಿಸಿಕೊಂಡದ್ದು ನೂರಕ್ಕೆ ಒಂದೂ ಇಲ್ಲ. ನಿರೋಧ್ ಬಳಸುವವರು ಹತ್ತಕ್ಕಿಂತ ಕಡಿಮೆ. ವರ್ತಕ ಬಂಧುಗಳೇ, ತಕ್ಕಡಿಯ ಒಂದು ತಟ್ಟೆಗೇ ಎಲ್ಲ ಭಾರ ಹಾಕುವುದನ್ನು ನೀವು ವ್ಯಾಪಾರವೆನ್ನುವಿರಾ?

ಇದು ಆಗದ ಕೆಲಸವಲ್ಲ. ಇಂಗ್ಲೆಂಡಿನಲ್ಲಿ 2003ರಲ್ಲಿ ಆರಂಭವಾದ ಯೋಜನೆಯಂತೆ, 25ರೊಳಗಿನ ಹೆಣ್ಣುಮಕ್ಕಳಿಗೆ ಊರ ಡಾಕ್ಟರಲ್ಲಿ ಗರ್ಭನಿರೋಧ ಕೇಳಹೋದಾಗಲೇ ಉಚಿತವಾಗಿ ಕ್ಲಮೀಡಿಯಾ ಪರೀಕ್ಷೆಯ ಅವಕಾಶವಿದೆ. 1930ರಷ್ಟು ಹಿಂದೆಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದ ಮೈಸೂರು ಸಂಸ್ಥಾನದ ನಾಡಿಗೆ ಇದು ಅಸಾಧ್ಯವೇ?

ನಮ್ಮ ಬೇಡಿಕೆ ಸ್ಪಷ್ಟ. ಗರ್ಭನಿರೋಧ ಕೇಳಿ ಬಂದ ಪ್ರತಿಯೊಬ್ಬ ಹೆಣ್ಣಿಗೂ, ಆಕೆ ಒಪ್ಪಿದರೆ, ಅಂದೇ ಉಚಿತ ಪರೀಕ್ಷೆ ಆಗಲಿ. ಆಕೆಯ ಗುಟ್ಟು ಹೊರಬೀಳದಿರಲಿ. ರೋಗ ಕಂಡರೆ ಗಂಡನಿಗೂ ಚಿಕಿತ್ಸೆಯಾಗಲಿ. ಇಲ್ಲವಾದರೆ ಅವನಿಂದ ಮತ್ತೆ ಆಕೆಗೇ ತಗುಲುತ್ತದೆ. ಕಾರ್ಮಿಕ ಬಂಧುಗಳೇ, ಈ ಬೇಡಿಕೆಯನ್ನು ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಎತ್ತಿರಿ. ಅದಕ್ಕೂ ಮೊದಲು, ಪರೀಕ್ಷೆಗೆ ನೀವೇ ಮುಂದಾಗಿ ನಡೆಯಿರಿ.